ದೇವಾಲಯದ ಗಾನವೂ ಕೇಳುವ ಪ್ರಾಯವೂ

ಭಗವಂತನನ್ನು ಒಲಿಸಿಕೊಳ್ಳುವ ಮಾರ್ಗಗಳು ಒಂಬತ್ತೆಂದು ಪ್ರಹ್ಲಾದನು ತನ್ನ ತಂದೆಯ ಮುಂದೆ ಎಣಿಸಿ ಹೇಳಿದನು. ಅವುಗಳಲ್ಲಿ ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ. ಅರ್ಚನ, ವಂದನಗಳು ಅನಂತರ ಬಂದವು. ಕೈ ಮುಗಿಯುವುದಕ್ಕೆ ಮೊದಲು ಕಿವಿ ತೆರೆಯಬೇಕೆಂಬುದೇ ಈ ಕ್ರಮದ ಅಭಿಪ್ರಾಯವಾಗಿರಬೇಕು. ಹೀಗೆ ಹೇಳಿದ ಪ್ರಹ್ಲಾದನ ಪ್ರಾಯವಾದರೂ ಎಷ್ಟು? ಗುರುಗಳ ಮನೆಯಲ್ಲಿ ಪಾಠ ಒಪ್ಪಿಸುವ ಬಾಲಕ. ಆತನು ಇದನ್ನು ಕೇಳಿ ತಿಳಿದುದು ಯಾವಾಗ? ತಾಯಿ ಕಯಾಧುವಿನ ಗರ್ಭದಲ್ಲಿದ್ದಾಗ, ನಾರದರ ಆಶ್ರಮದಲ್ಲಿ. ನಾರದರು ಉಪದೇಶವನ್ನು ಮಾಡಿದುದು ತಾಯಿಗೆ. ಕಾಲ ಕಳೆದಂತೆ ತಾಯಿ ಮರೆತಳು; ಒಳಗಿದ್ದ ಕೂಸು ಮರೆಯಲಿಲ್ಲ ಎಂದು ಭಾಗವತದಲ್ಲಿದೆ.

ಇದಕ್ಕೆ ಎದುರಾಗಿ ಧೃತರಾಷ್ಟ್ರನನ್ನು ನೆನೆಯಬಹುದು. ಸಂಜಯನ ಬಾಯಿಂದ ಭಗವದ್ಗೀತೆಯ 18 ಅಧ್ಯಾಯಗಳನ್ನೂ ಕುಳಿತಲ್ಲಿಯೇ ಕೇಳುವ ಭಾಗ್ಯವು ಆ ವೃದ್ಧನಿಗೆ ಲಭಿಸಿತು. ಕೇಳಿ ಎದ್ದಾಗ ಅವನು ಕುಳಿತಾಗ ಇದ್ದವನೇ ಆಗಿದ್ದನು. ಮುಂದಿನ ಸಾಲಿನಲ್ಲಿ ಆಸನ ದೊರೆತ ಮಾತ್ರಕ್ಕೆ ಶ್ರವಣಭಕ್ತಿ ಕೈಗೂಡಿತೆಂದು ತಿಳಿಯಲಾಗದು. ಉತ್ಸವದ ಸಭೆಯಲ್ಲಿ ಕುರ್ಚಿಗಾಗಿ ಮುನಿಸಿಕೊಳ್ಳುವವರು ಇದನ್ನು ಸ್ವಲ್ಪ ಗಮನಿಸಿದರೆ ಒಳ್ಳೆಯದು.

ಆದುದರಿಂದ ಹರಿನಾಮವನ್ನು ಕೇಳುವುದಕ್ಕೆ ಇಂತಹ ಪ್ರಾಯವೇ ಆಗಬೇಕೆಂಬ ನಿಯಮವು ಶಾಸ್ತ್ರದಲ್ಲಿಲ್ಲ. ಹೀಗಿದ್ದರೂ ಕಾಸರಗೋಡು ಸೀಮೆಯ ದೇವಾಲಯಗಳಲ್ಲಿ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಒಂದು ಚರ್ಚೆ ಏಳದೆ ಇರುವುದು ಅಪೂರ್ವ. ಹಿರಿಯರು ತಾಳಮದ್ದಳೆ ಬೇಕೆನ್ನುತ್ತಾರೆ. ಕೆಲವರಿಗೆ ಶಾಸ್ತ್ರೀಯ ಸಂಗೀತದ ಕಚೇರಿ ಇಲ್ಲದಿದ್ದರೆ ಉತ್ಸವಕ್ಕೆ ಗೌರವವಿಲ್ಲ. ಯುವಕರು ಗಾನಮೇಳವನ್ನು ಕೇಳುತ್ತಾರೆ. "ಈಗಿನ ಮಕ್ಕಳು ಭಜನೆಗೆ ಬರುವುದಿಲ್ಲ" ಎಂದು ಒಂದು ಪಕ್ಷ. "ಬಂದರೆ ನಮಗೆ ಅಲ್ಲಿ ಏನು ಕೆಲಸವುಂಟು?" ಎಂದು ಇನ್ನೊಂದು ಪಕ್ಷ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವವರು ಕಡಿಮೆ. ವಾಸ್ತವದಲ್ಲಿ ವಿಚಾರಿಸತಕ್ಕದ್ದು ಅದನ್ನೇ.

ಉತ್ಸವದ ಒಂದು ದಿನದಲ್ಲಿ ಯಾವ ನಾದಕ್ಕೆ ಯಾರು ಸೇರುತ್ತಾರೆಂಬುದನ್ನು ಅಂಗಣದ ಮೂಲೆಯಲ್ಲಿ ನಿಂತವನು ತಿಳಿಯಬಹುದು. ಬೆಳಗಿನ ಪೂಜೆಯ ಶಂಖ, ಜಾಗಟೆಗಳ ಹೊತ್ತಿಗೆ ಕಾಣುವುದು ಹೆಚ್ಚಾಗಿ ನರೆತ ತಲೆಗಳು. ಹಗಲು ಭಜನೆಗೆ ಸ್ತ್ರೀಯರ ಮಂಡಳಿ. ಹಿಂದೆ ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದವರು ಇಂದು ತಾವೇ ತಾಳ ಹಿಡಿದು ಕುಳಿತಿರುವುದು ಸಂತೋಷದ ಸಂಗತಿ. ತಾಳಮದ್ದಳೆಗೆ ಐವತ್ತು ದಾಟಿದವರು. ಅರ್ಥಧಾರಿಯ ವಾದವನ್ನು ತೂಗಿನೋಡುವ ಸಾಮರ್ಥ್ಯವು ಅವರಲ್ಲಿಯೇ ಉಳಿದಿದೆ. ಸಂಜೆ ಬಲಿ ಹೊರಡುವಾಗ ಚೆಂಡೆಗೆ ಕೋಲು ಬಿತ್ತೆಂದರೆ ಎಳೆಯ ಮಕ್ಕಳು ಎಲ್ಲಿದ್ದರೂ ಓಡಿ ಬರುತ್ತಾರೆ. ತಿಮಿಲ, ಮದ್ದಳ, ಇಡಕ್ಕ, ಇಲತ್ತಾಳ, ಕೊಂಬುಗಳ ಪಂಚವಾದ್ಯವೋ ಸಿಂಗಾರಿ ಮೇಳವೋ ಇದ್ದರೆ ಹದಿನೆಂಟರ ಯುವಕರು ಅದರ ಸುತ್ತ ಮೈಲುಗಟ್ಟಲೆ ನಡೆಯುತ್ತಾರೆ. ಗಾನಮೇಳಕ್ಕೆ ಜನವೋ ಜನ. ಆದರೆ ಅವರು ನಿಲ್ಲುವುದು ಹೊರಗಿನ ಗದ್ದೆಯಲ್ಲಿ. ಗೋಪುರವನ್ನು ದಾಟಿ ಒಳಗೆ ಬಂದು ಕೈಮುಗಿದು ಹೋದವರು ಎಷ್ಟು ಜನ ಎಂಬುದು ಬೇರೆ ಲೆಕ್ಕ.

ಗಾನಮೇಳವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆ ಗದ್ದೆಯಲ್ಲಿ ನಿಂತ ಹುಡುಗರೇ ಹೊರೆಕಾಣಿಕೆಯನ್ನು ಹೊತ್ತವರು, ಮಡಲಿನ ಚಪ್ಪರವನ್ನು ಕಟ್ಟಿದವರು, ಅನ್ನದಾನದ ದಿನ ಬೆಳಗಿನ ವರೆಗೂ ನಿದ್ದೆಗೆಟ್ಟು ಕಾಯಿ ತುರಿದವರು. ಅವರಿಗೆ ಭಕ್ತಿಯಿಲ್ಲವೆಂದು ಹೇಳುವ ನಾಲಗೆಯು ಸತ್ಯವನ್ನು ನುಡಿದಂತಾಗುವುದಿಲ್ಲ. ಅವರಿಗೆ ದೇವಸ್ಥಾನದಲ್ಲಿ ಕೆಲಸವುಂಟು, ಹಾಡಿನಲ್ಲಿ ಪಾಲಿಲ್ಲ. ಪಾಲಿಲ್ಲದ ಆಸ್ತಿಯನ್ನು ಯಾರು ಕಾಯುತ್ತಾರೆ?

ಹಿಂದೆ ಪ್ರಾಯದಿಂದ ಪ್ರಾಯಕ್ಕೆ ಈ ಬಗೆಯ ಗೋಡೆ ಇರಲಿಲ್ಲ. ಬಯಲಾಟದ ರಾತ್ರಿಯನ್ನು ಸ್ಮರಿಸಿಕೊಂಡರೆ ಸಾಕು. ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇರಿಸಿ, ಒಣಮಡಲಿನ ಸೂಟೆಯನ್ನು ಬೀಸುತ್ತ ಒಂದು ಮನೆಯ ಅಜ್ಜಿಯಿಂದ ಹಿಡಿದು ಮೊಲೆಗೂಸಿನ ವರೆಗೆ ಎಲ್ಲರೂ ಬರುತ್ತಿದ್ದರು. ಪೂರ್ವರಂಗದಲ್ಲಿ ಕೋಡಂಗಿಯಾಗಿಯೂ ಬಾಲಗೋಪಾಲನಾಗಿಯೂ ಕುಣಿಯುವವರು ಇನ್ನೂ ಕಲಿಯುವ ಹುಡುಗರು. ಅವರನ್ನು ನೋಡುವುದಕ್ಕೆ ಅವರದೇ ಪ್ರಾಯದ ಮಕ್ಕಳು ರಂಗಸ್ಥಳಕ್ಕೆ ತಾಗಿ ಕುಳಿತಿರುತ್ತಿದ್ದರು. ಪ್ರಸಂಗವು ಏರುವ ಹೊತ್ತಿಗೆ ಮಕ್ಕಳಿಗೆ ನಿದ್ದೆ. ದೇವಿಮಹಾತ್ಮ್ಯೆಯಾದರೆ, ದೊಂದಿಗಳ ಬೆಳಕಿನಲ್ಲಿ ಜನರ ನಡುವಿನಿಂದಲೇ ಮಹಿಷಾಸುರನು ಆರ್ಭಟಿಸಿ ಬರುವಾಗ ತಾಯಂದಿರು ಅವರನ್ನು ತಟ್ಟಿ ಎಬ್ಬಿಸುತ್ತಿದ್ದರು. ಕೆಲವು ಕೂಸುಗಳು ಅತ್ತು ರಂಪ ಮಾಡುತ್ತಿದ್ದುದೂ ಉಂಟು. ನಿದ್ದೆಯ ನಡುವೆಯೂ ಭಾಗವತರ ಪದವು ಕಿವಿಯಲ್ಲಿ ಇಳಿಯುತ್ತಿತ್ತು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳ ಪದಗಳನ್ನು ಅಕ್ಷರ ಕಲಿಯದವರೂ ಹೇಳಬಲ್ಲವರಾಗಿದ್ದರೆ, ಅದು ಈ ಚಾಪೆಯ ಮೇಲಿನ ವಿದ್ಯಾಭ್ಯಾಸದ ಫಲ.

ಈಗ ಕಾಲ ಬೇರೆಯಾಗಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವಂತಿಲ್ಲ. ಉತ್ಸವಗಳಿಗೆ ರಾಜ್ಯ ಸರಕಾರವು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರ ವರೆಗೆ ಸಡಿಲಿಕೆಯನ್ನು ಕೊಡಬಹುದು. ರೋಗಿಗಳಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಇದರಿಂದ ಉಪಕಾರವೇ ಆಗಿದೆ. ಇಡೀ ರಾತ್ರಿಯ ಆಟವು ಅನೇಕ ಕಡೆ ಕಾಲಮಿತಿಯದಾಯಿತು. ಇದನ್ನು ನಷ್ಟವೆಂದು ಕೊರಗುವವರು ಒಂದು ಲಾಭವನ್ನು ಕಾಣಲಿಲ್ಲ: ಸಂಜೆ ಆರಕ್ಕೆ ಆರಂಭವಾಗುವ ಆಟಕ್ಕೆ ಶಾಲೆಯ ಮಕ್ಕಳನ್ನು ಕರೆತರಬಹುದು. ಆದರೆ ಆ ಹೊತ್ತಿಗೆ ವೇದಿಕೆಯಲ್ಲಿ ಸಭಾ ಕಾರ್ಯಕ್ರಮ! ಸ್ವಾಗತ, ಪ್ರಸ್ತಾವನೆ, ಹತ್ತು ಭಾಷಣ, ಇಪ್ಪತ್ತು ಶಾಲು ಮುಗಿದು ಭಾಗವತರು ಜಾಗಟೆ ಹಿಡಿಯುವಾಗ ಗಂಟೆ ಒಂಬತ್ತು. ಮಕ್ಕಳು ತೂಕಡಿಸುತ್ತ ಮನೆಗೆ ಹೋಗಿರುತ್ತಾರೆ. ಮಕ್ಕಳು ಬರುವುದಿಲ್ಲವೆಂಬ ಆಕ್ಷೇಪವನ್ನು ಮರುದಿನ ಎತ್ತುವವರು ಆ ಹತ್ತು ಭಾಷಣಕಾರರಲ್ಲಿ ಒಬ್ಬರು.

ವೃದ್ಧರ ಕಿವಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಪ್ರಾಯ ಸಂದಂತೆ ಕಿವಿಗೆ ಮೊದಲು ಕೇಳದಾಗುವುದು ಎತ್ತರದ, ಸಣ್ಣ ಸ್ವರಗಳು. ಮಾತು ಕಿವಿಗೆ ಬೀಳುತ್ತದೆ, ಅಕ್ಷರ ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಧ್ವನಿವರ್ಧಕವನ್ನು ದೊಡ್ಡದು ಮಾಡಿದರೆ ಗದ್ದಲ ಹೆಚ್ಚುವುದೇ ಹೊರತು ಸಾಹಿತ್ಯವು ಸ್ಪಷ್ಟವಾಗುವುದಿಲ್ಲ. ಅಜ್ಜಂದಿರು ಗಾನಮೇಳದಿಂದ ಎದ್ದುಹೋಗುವುದು ಯಾವಾಗಲೂ ಸಿಟ್ಟಿನಿಂದಲ್ಲ. ಧ್ವನಿವರ್ಧಕವಿಲ್ಲದೆ, ದೀಪದ ಸುತ್ತ ಮೂರು ಮೊಳದ ಅಂತರದಲ್ಲಿ ಕುಳಿತು ಹೇಳುವ ಭಜನೆಯಲ್ಲಿ ಅವರಿಗೆ ಎಲ್ಲವೂ ಕೇಳುತ್ತದೆ, ಹಾಡುವವನ ತುಟಿಯೂ ಕಾಣುತ್ತದೆ.

ಬಾಲರ ಮಾತಾಯಿತು, ವೃದ್ಧರದೂ ಆಯಿತು. ನಡುಪ್ರಾಯದವರೆಲ್ಲಿ? ಯುವಕರು ಬರುವುದಿಲ್ಲವೆಂದು ದೂರುವ ಗಲಾಟೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಮೂವತ್ತರಿಂದ ಐವತ್ತರ ಒಳಗಿನ ಗೃಹಸ್ಥನೇ ಭಜನಾ ಮಂದಿರದಲ್ಲಿ ಎಲ್ಲರಿಗಿಂತ ಅಪರೂಪ. ಮಳೆಗಾಲದಲ್ಲಿ, ತಾಳಮದ್ದಳೆಗೆ ಬಿಡುವಿರುವ ದಿನಗಳಲ್ಲಿಯೇ, ಕಂಗಿನ ತೋಟಕ್ಕೆ ಮದ್ದು ಬಿಡುವ ಅವಸರ. ಬೇರೆಯವರು ಕೊಲ್ಲಿಯ ದೇಶಗಳಲ್ಲಿದ್ದಾರೆ. ರಜೆ ದೊರೆತಾಗ ಒಮ್ಮೆ ಬಂದು, ಉತ್ಸವಕ್ಕೆ ಉದಾರವಾಗಿ ಕೊಟ್ಟು, ಬಲಿಯ ದೃಶ್ಯವನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಊರಿನಲ್ಲಿ ಉಳಿದವರಿಗೆ ಬೇಂಕಿನ ಸಾಲ, ಅಂಗಡಿ, ಆಫೀಸು. ಆ ಪ್ರಾಯದ ಸ್ತ್ರೀಯರಾದರೋ ಭಜನೆಯ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಲ್ಲಿ. ಇವರಾರನ್ನೂ ನಿಂದಿಸುವಂತಿಲ್ಲ. ಆದರೆ ಮಗುವಿಗೆ ಸ್ವಂತ ಕಾಲಿದ್ದರೂ ದೇವಸ್ಥಾನದ ದಾರಿಯನ್ನು ಅದು ಇನ್ನೊಬ್ಬರ ಬೆರಳು ಹಿಡಿದೇ ಕಲಿಯುತ್ತದೆ. ಬೆರಳು ಕೊಡತಕ್ಕವರು ಈ ನಡುವಿನವರು. ಸೇತುವೆಯ ನಡುಗಂಬವು ಇಲ್ಲದಾಗ ಆಚೆಯ ದಡ ಈಚೆಯ ದಡವನ್ನು ಬೈದು ಪ್ರಯೋಜನವೇನು?

ಎಲ್ಲ ಪ್ರಾಯದವರೂ ಒಟ್ಟಾಗಿ ಕುಳಿತು ಕೇಳಿದ ಒಂದು ಸಂಗೀತ ಸಭೆಯನ್ನು ಆದಿಕವಿಯು ತನ್ನ ಕಾವ್ಯದಲ್ಲಿಯೇ ಇರಿಸಿದ್ದಾನೆ. ಕುಶಲವರು ಚಿಕ್ಕ ಹುಡುಗರು. ವಾಲ್ಮೀಕಿಗಳು ಅವರಿಗೆ ರಾಮಾಯಣವನ್ನು ಬಾಯಿಪಾಠ ಮಾಡಿಸಿದರು. ಅವರು ಮೊದಲು ಹಾಡಿದುದು ಋಷಿಗಳ ಮುಂದೆ. ಕೇಳಿದ ಮುನಿಗಳಿಗೆ ಕಣ್ಣೀರು ಬಂತು. ಒಬ್ಬ ಮುನಿಯು ಮೆಚ್ಚಿ ತನ್ನ ಕಲಶವನ್ನೇ ಕೊಟ್ಟನು, ಇನ್ನೊಬ್ಬನು ತನ್ನ ನಾರುಬಟ್ಟೆಯನ್ನು ಕೊಟ್ಟನು. ಹಿರಿಯ ತಪಸ್ವಿಗಳಿಗೆ ಇದ್ದ ಆಸ್ತಿಯೇ ಅಷ್ಟು. ಅದನ್ನು ಹಾಡುವ ಮಕ್ಕಳ ಕೈಯಲ್ಲಿಟ್ಟರು. ಅನಂತರ ರಾಮನ ಸಭೆಯಲ್ಲಿ ಹಾಡಿದಾಗ ರಾಮನು ಏನು ಮಾಡಿದನು? ಮೆಲ್ಲನೆ ಸಭೆಯ ಜನರ ನಡುವೆ ಬಂದು ಸೇರಿಕೊಂಡನು ಎಂದು ಬಾಲಕಾಂಡದಲ್ಲಿದೆ. ವ್ಯಾಖ್ಯಾನಕಾರರು ಇದನ್ನು ಬಹಳ ಸ್ವಾರಸ್ಯವಾಗಿ ಬಿಡಿಸಿದ್ದಾರೆ: ಸಿಂಹಾಸನದ ಮೇಲೆ ಒಬ್ಬನೇ ಇದ್ದರೆ ರಸವು ಹತ್ತದು, ಥಟ್ಟನೆ ಇಳಿದರೆ ಸಭೆಯೆಲ್ಲ ಎದ್ದು ನಿಂತು ಗಾನಕ್ಕೆ ಭಂಗ ಬರುತ್ತದೆ, ಆದುದರಿಂದ ಯಾರಿಗೂ ತಿಳಿಯದಂತೆ ಇಳಿದನು. ಚಕ್ರವರ್ತಿಯು ಹುಡುಗರ ಹಾಡಿಗಾಗಿ ನೆಲಕ್ಕೆ ಇಳಿದು ಬಂದ ಕತೆ ಇದು.

ಉತ್ತರಕಾಂಡದಲ್ಲಿ ಇದರ ಮುಂದಿನ ಭಾಗವಿದೆ. ಅಶ್ವಮೇಧದ ಯಜ್ಞವಾಟದಲ್ಲಿ ದಿನಕ್ಕೆ 20 ಸರ್ಗಗಳಂತೆ ಹಾಡಬೇಕೆಂದು ವಾಲ್ಮೀಕಿಗಳ ಆಜ್ಞೆ. ಎಳೆಯ ಗಂಟಲಿಗೂ ಕೇಳುವ ಮುದುಕರಿಗೂ ಆಯಾಸವಾಗದ ಹಾಗೆ ಮಾಡಿದ ಕಾಲಮಿತಿ ಇದಾಗಿರಬಹುದೆ? ರಾಮನು ಮೆಚ್ಚಿ 18,000 ಸುವರ್ಣವನ್ನು ಕೊಡಿಸಿದನು. ಕಾಡಿನಲ್ಲಿ ಕಂದಮೂಲ ತಿನ್ನುವವರಿಗೆ ಬಂಗಾರದಿಂದ ಏನಾಗಬೇಕು ಎಂದು ಮಕ್ಕಳು ಬೇಡವೆಂದರು. ಋಷಿಯ ಕಲಶವನ್ನು ಸ್ವೀಕರಿಸಿದವರು ಅರಸನ ಚಿನ್ನವನ್ನು ಒಲ್ಲೆನೆಂದರು. ಮಕ್ಕಳಿಗೆ ಬೇಕಾಗಿದ್ದುದು ಯಾವುದು? ಆ ಸಭೆಯಲ್ಲಿ ಋಷಿಗಳಿದ್ದರು, ಅರಸರಿದ್ದರು, ಪೌರರಿದ್ದರು. ಹಾಡಿನ ಎಳೆಯನ್ನು ಹಿಡಿದೇ ತಂದೆಗೆ ತನ್ನ ಮಕ್ಕಳ ಗುರುತು ಸಿಕ್ಕಿತು.

ಕುಣಿತ ಭಜನೆಯ ವಿಷಯವನ್ನು ಇದರ ಬೆಳಕಿನಲ್ಲಿ ನೋಡಬೇಕು. ಈಚಿನ ವರ್ಷಗಳಲ್ಲಿ ಕರಾವಳಿಯ ಊರೂರುಗಳಲ್ಲಿ ಹುಡುಗರೂ ಹುಡುಗಿಯರೂ ದೀಪದ ಸುತ್ತ ಸಾಲಾಗಿ ಹೆಜ್ಜೆ ಹಾಕುತ್ತ, ತಾಳ ಕುಟ್ಟುತ್ತ ದೇವರನಾಮಗಳನ್ನು ಹೇಳುವ ಕ್ರಮವು ಹಬ್ಬಿದೆ. ಕೆಲವು ಹಿರಿಯರಿಗೆ ಇದು ಹಿಡಿಸಿಲ್ಲ. ಅವರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸ್ಪರ್ಧೆಯ ಹುಮ್ಮಸ್ಸಿನಲ್ಲಿ ಕಾಲವು ಏರಿ ಏರಿ, ಕೊನೆಗೆ ಪದ ಓಡಿಹೋಗಿ ಹೆಜ್ಜೆ ಮಾತ್ರ ಉಳಿಯುವುದುಂಟು. ಹೇಳುತ್ತಿರುವುದು ವಿಠಲನನ್ನೋ ವೆಂಕಟೇಶನನ್ನೋ ಎಂದು ಕೇಳಿದರೆ ಮಕ್ಕಳಿಗೇ ತಿಳಿಯದು. ಅದನ್ನು ತಿದ್ದಬೇಕು. ಆದರೆ ಉಳಿದ ಅರ್ಧವೇನು? ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಯಲ್ಲಿ ಕುಣಿದವರು ದಾಸರೇ ಅಲ್ಲವೆ? ಸಂಗೀತ ಪಿತಾಮಹರೆನಿಸಿದ ಪುರಂದರದಾಸರು (1484–1564) ಸರಳೆ, ಜಂಟಿ, ಅಲಂಕಾರಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಪಡಿಸಿ, ಗಣಪತಿಯ ಪಿಳ್ಳಾರಿ ಗೀತೆಗಳನ್ನು ರಚಿಸಿಕೊಟ್ಟರೆಂದು ಸಂಪ್ರದಾಯ. ಅಷ್ಟು ದೊಡ್ಡವರು ಮೊದಲು ಯೋಚಿಸಿದುದು ಮಗುವಿನ ಬಾಯಿಗೆ ಹಿಡಿಯುವ ತುತ್ತನ್ನು.

ಗುರುವಾಯೂರಿಗೆ ಹೋಗಿಬರುವ ಭಕ್ತರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಏಕಾದಶಿಗೆ ಮೊದಲು ಚೆಂಬೈ ವೈದ್ಯನಾಥ ಭಾಗವತರ (1896–1974) ಹೆಸರಿನಲ್ಲಿ ದಿನಗಟ್ಟಲೆ ನಡೆಯುವ ಸಂಗೀತೋತ್ಸವದಲ್ಲಿ ವಿದ್ವಾಂಸರು ಹಾಡುವ ವೇದಿಕೆಯ ಮೇಲೆಯೇ, ನಿನ್ನೆ ಮೊನ್ನೆ ಕಲಿತ ಮಕ್ಕಳಿಗೂ ಕೆಲವು ನಿಮಿಷಗಳು ದೊರೆಯುತ್ತವೆ. ಸ್ವರ ತಪ್ಪಿದರೂ ಗುರುವಾಯೂರಪ್ಪನು ಮುನಿಯುವುದಿಲ್ಲ. ಹಾಡುವ ಒಂದು ಮಗುವಿನ ಹಿಂದೆ ತಂದೆ, ತಾಯಿ, ಅಜ್ಜ, ಅಜ್ಜಿ, ಸೋದರಮಾವ ಎಲ್ಲರೂ ಬಂದು ಕುಳಿತಿರುತ್ತಾರೆ. ಕೇಳುಗರನ್ನು ಕೂಡಿಸುವ ಉಪಾಯಕ್ಕಾಗಿ ದೂರ ಹುಡುಕಬೇಕಾದುದಿಲ್ಲ.

ಗಡಿನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಬೇರೆ, ಅಂಗಡಿಯ ಭಾಷೆ ಬೇರೆ, ಮನೆಯ ಭಾಷೆ ಬೇರೆ ಆಗಿ ಬಾಳುವುದು ಇಲ್ಲಿಯ ಕನ್ನಡಿಗರಿಗೆ ಅಭ್ಯಾಸವಾಗಿದೆ. ಮಲಯಾಳವನ್ನು ದ್ವೇಷಿಸುವ ಕಾರಣವೇನೂ ಇಲ್ಲ. ಭಗವಂತನು ಎರಡನ್ನೂ ಬಲ್ಲನು. ಆದರೆ ಕನ್ನಡ ಶಾಲೆಯ ಮೆಟ್ಟಿಲು ಹತ್ತದ ಮಗುವಿನ ಕಿವಿಗೆ ಪುರಂದರ, ಕನಕರ ಮಾತು ಬೀಳುವ ಸ್ಥಳವು ಭಜನಾ ಮಂದಿರವೊಂದೇ ಆಗಿ ಉಳಿದ ಮನೆಗಳು ಹಲವಾರು.

ಇಂತಹ ಒಂದು ಮಂದಿರದಲ್ಲಿ ಐವತ್ತು ವರ್ಷಗಳಿಂದ ಭಜನೆ ಹೇಳಿಕೊಂಡು ಬಂದ ಒಬ್ಬ ಹಿರಿಯರಿದ್ದರು. ಪುಸ್ತಕವಿಲ್ಲದೆ ಇಡೀ ರಾತ್ರಿ ಹೇಳಬಲ್ಲವರು. ಅವರ ಮೊಮ್ಮಗ ಹತ್ತು ವರ್ಷದ ಹುಡುಗ, ಮಲಯಾಳದಲ್ಲಿ ಓದುವವನು, ಅಜ್ಜನ ಪಕ್ಕದಲ್ಲಿ ಕುಳಿತು ಹಾಡಿಗೆ ದನಿಗೂಡಿಸುತ್ತಿದ್ದನು. ಒಂದು ದಿನ ಅವನ ತೊಡೆಯ ಮೇಲಿದ್ದ ಪುಸ್ತಕವನ್ನು ಅಜ್ಜ ನೋಡಿದರು. ದಾಸರ ಪದಗಳನ್ನೆಲ್ಲ ಹುಡುಗನು ಮಲಯಾಳದ ಅಕ್ಷರಗಳಲ್ಲಿ ಬರೆದುಕೊಂಡಿದ್ದನು. ಅಜ್ಜನಿಗೆ ತಡೆಯಲಾಗದ ಸಿಟ್ಟು ಬಂತು. ಪುಸ್ತಕವನ್ನು ಕಸಿದುಕೊಂಡು ಮಡಚಿ ಇಟ್ಟರು. ಹುಡುಗನು ಮರುದಿನ ಭಜನೆಗೆ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ಅಜ್ಜನು ಪಲ್ಲವಿ ಎತ್ತಿದಾಗ ಹಿಂದಿನಿಂದ ಹೇಳುವ ಎಳೆಯ ದನಿ ಇರಲಿಲ್ಲ. ನಾಲ್ಕು ಮಂದಿ ಮುದುಕರ ಕೆಮ್ಮು ಮಾತ್ರ.

ನಾಲ್ಕನೆಯ ಸಂಜೆ ಅವರು ಆ ಪುಸ್ತಕವನ್ನು ಬಿಡಿಸಿ ನೋಡಿದರು. ಅವರಿಗೂ ಮಲಯಾಳ ಓದಲು ಬರುತ್ತಿತ್ತು. ಒಂದು ಪದವೂ ಬಿಟ್ಟುಹೋಗಿರಲಿಲ್ಲ. ತಾವು ಹೇಳಿದುದೆಲ್ಲವೂ, ತಾವೇ ಮರೆತಿದ್ದ ಒಂದು ನುಡಿಯೂ, ಅದರಲ್ಲಿತ್ತು. ಪುಸ್ತಕವನ್ನು ಹಿಡಿದುಕೊಂಡು ಮೊಮ್ಮಗನಿದ್ದಲ್ಲಿಗೆ ಹೋದರು.

"ಬಾ ಮಗಾ, ಭಜನೆಗೆ ಹೊತ್ತಾಯಿತು."

"ಅಜ್ಜ, ನಾನು ಬರೆದದ್ದು ತಪ್ಪಲ್ಲವಾ?"

"ಬರೆದದ್ದು ತಪ್ಪಲ್ಲ. ಓದುವಾಗ 'ದೆಯ' ಹೇಳುತ್ತಿ ನೀನು. 'ದೆಯ' ಅಲ್ಲ, 'ದಯ'. ಅದೊಂದನ್ನು ಸರಿ ಮಾಡುವ."

ಅಂದಿನಿಂದ ಹುಡುಗನು ಬರೆದ ಪ್ರತಿಯೊಂದು ಸಾಲಿನ ಕೆಳಗೆ ಅಜ್ಜನು ಪೆನ್ಸಿಲಿನಿಂದ ಅದನ್ನೇ ಕನ್ನಡದಲ್ಲಿ ಬರೆಯುತ್ತ ಬಂದರು. ಒಂದು ವರ್ಷದಲ್ಲಿ ಹುಡುಗನು ಕೆಳಗಿನ ಸಾಲನ್ನೂ ಓದುವವನಾದನು. ಅಜ್ಜನು ಸಿಂಹಾಸನದಿಂದ ಇಳಿದರೆಂದು ಹೇಳಿದರೆ ದೊಡ್ಡ ಮಾತಾದೀತು. ಅವರಿಗೆ ಇದ್ದುದು ಒಂದು ಮಣೆ. ಅದನ್ನು ಹುಡುಗನ ಹತ್ತಿರಕ್ಕೆ ಸರಿಸಿಕೊಂಡರು, ಅಷ್ಟೆ.

ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ಕ್ಷೇತ್ರದಲ್ಲಿ 1992ರಲ್ಲಿ ನಡೆದ ಮೂಡಪ್ಪ ಸೇವೆಯು ಪುನಃ ನಡೆದುದು 2025ರಲ್ಲಿ. ನಡುವೆ 33 ವರ್ಷ. ಮೊದಲನೆಯದನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದವರು ಎರಡನೆಯದಕ್ಕೆ ತಮ್ಮ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದರು. ದೇವಾಲಯದ ಕಲ್ಲು ಮರಗಳಿಗೆ ಜೀರ್ಣೋದ್ಧಾರವು ತಲೆಮಾರಿಗೊಮ್ಮೆ ಸಾಕು. ಗರ್ಭಗುಡಿಗೆ ತಾಮ್ರ ಹೊದಿಸಿದರೆ ಅದು ಎಷ್ಟೋ ಮಳೆಗಾಲವನ್ನು ತಡೆಯುತ್ತದೆ. ಭಜನೆಗೆ ಅಂತಹ ಹೊದಿಕೆಯಿಲ್ಲ. ಒಂದು ತಲೆಮಾರು ಬಾಯಿ ಮುಚ್ಚಿದರೆ ಅದನ್ನು ಎಬ್ಬಿಸುವ ತಂತ್ರಿಗಳೂ ಇಲ್ಲ, ಶಿಲ್ಪಿಗಳೂ ಇಲ್ಲ.

ಆದುದರಿಂದ ಹೊಸ ಸುತ್ತುಪೌಳಿಯಲ್ಲಿ ಭಜನೆಗೆಂದು ಬಿಟ್ಟ ಸ್ಥಳದ ವಿಷಯದಲ್ಲಿ ಸಮಿತಿಯವರು ಕೆಲವು ಸಣ್ಣ ಸಂಗತಿಗಳನ್ನು ಯೋಚಿಸಬೇಕಾಗಿದೆ. ಶನಿವಾರದ ಭಜನೆಯನ್ನು ರಾತ್ರಿ ಎಂಟರ ಬದಲು ಸಂಜೆ ಆರೂವರೆಗೆ ಆರಂಭಿಸಿದರೆ ಮಕ್ಕಳ ನಿದ್ದೆಗೂ ಅಜ್ಜಂದಿರ ಕಣ್ಣಿಗೂ ಅನುಕೂಲ. ಅನ್ನದಾನದ ಅಡಿಗೆಗೆ ಪುರುಷರು ಸರದಿಯಂತೆ ನಿಂತರೆ ತಾಯಂದಿರಿಗೆ ಒಂದು ಗಂಟೆ ಬಿಡುವಾಗುತ್ತದೆ. ಮೊದಲನೆಯ ಪದವನ್ನು ಎಲ್ಲರಿಗಿಂತ ಚಿಕ್ಕವರು ಹೇಳಲಿ. ಮತ್ತೊಂದು: ತಾಳಗಳನ್ನು ತೂಗುಹಾಕುವ ಗೂಟವು ಹಳೆಯ ಮಂದಿರದಲ್ಲಿ ಆಳೆತ್ತರದಲ್ಲಿತ್ತು, ಮಕ್ಕಳು ಅದನ್ನು ಮುಟ್ಟಬಾರದೆಂದೇ ಹಾಗೆ ಹೊಡೆದದ್ದು. ಬಡಗಿಗಳ ಕೆಲಸ ಇನ್ನೂ ಮುಗಿದಿಲ್ಲ. ಗೋಡೆಯಲ್ಲಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಇನ್ನೊಂದು ಸಾಲು ಗೂಟಗಳನ್ನು ಹೊಡೆಯಿಸಿ, ನಾಲ್ಕಾರು ಜೊತೆ ಸಣ್ಣ ತಾಳಗಳನ್ನು ಅಲ್ಲಿ ತೂಗುಹಾಕಬಹುದು.